ಕೊನೆಯ ಡಬ್ಬಿಯಲ್ಲಿ ಉಳಿದವು

ನಕ್ಷೆಯ ಅಡ್ಡಗೆರೆಯ ಮೇಲಿದ್ದುದನ್ನು ನಿಂತ ಗೆರೆಗೆ, ನಿಂತ ಗೆರೆಯ ಮೇಲಿದ್ದುದನ್ನು ಅಡ್ಡಗೆರೆಗೆ ಹಾಕಿ ನೋಡುವ ಬುದ್ಧಿ ಆ ಬೆಳಿಗ್ಗೆ ತನಗೆ ಯಾಕಾದರೂ ಬಂತೋ ಎಂದು ಅವಳು ಹಳಹಳಿಸಿದಳು. ಅಂಥ ಅಗತ್ಯವೇನೂ ಇರಲಿಲ್ಲ. ಪ್ರಬಂಧ ಸಿದ್ಧವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ದೊಡ್ಡವರು ಎಂದೇ ಕರೆಯುವ ಲ್ಯಾಬಿನ ಮುಖ್ಯಸ್ಥರ ಕೋಣೆಯಲ್ಲಿ ಕೂತು ಕೊನೆಯ ಸಲ ಕಣ್ಣಾಡಿಸಿ ವಿಜ್ಞಾನ ಪತ್ರಿಕೆಗೆ ಕಳಿಸಿಬಿಡುವುದೆಂದು ಮಾತಾಗಿತ್ತು. ಲ್ಯಾಬಿಗೆ ಅವಳೇ ಮೊದಲು ಬಂದಿದ್ದಳು. ನೆಲ ಒರೆಸುವಾಕೆ ಒದ್ದೆಯ ಮೇಲೆ ಕಾಲಿಡಬೇಡಿ ಎಂದು ಗದರಿದ್ದರಿಂದ ಕುರ್ಚಿಯಲ್ಲೇ ಕಾಲು ಮಡಚಿ ಕೂತು, ಒಣಗುವ ತನಕ ಏನು ಮಾಡಬೇಕೆಂದು ತೋಚದೆ, ಕೈಯೂ ಸುಮ್ಮನಿರಲಾರದೆ, ಪ್ರಬಂಧದ ಮೂರನೆಯ ಚಿತ್ರವನ್ನು ತೆರೆದು ಅದರ ಎರಡು ಗೆರೆಗಳನ್ನು ಅದಲುಬದಲು ಮಾಡಿದಳು. ನೆಲ ಒಣಗುವಷ್ಟರಲ್ಲಿ ಅವಳ ಅಂಗೈ ಒದ್ದೆಯಾಗಿತ್ತು.

ಅವಳ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಯಾವತ್ತೂ ಪೇಚಿನ ಸಂಗತಿ. ಬ್ಯಾಕ್ಟೀರಿಯಾ ಹೇಗೆ ಬೆಳೆಯುತ್ತವೆಂದು ಅಳೆಯುತ್ತೇನೆ ಎಂದರೆ, ಅಪ್ಪ ಈಗಲೂ, ಅವನ್ನು ಸಾಯಿಸುವುದಲ್ಲವೇ ನಿಮ್ಮ ಕೆಲಸ ಎಂದು ಕೇಳುತ್ತಾನೆ. ಕೂದಲಿಗಿಂತ ಎಷ್ಟೋ ಸಣ್ಣ ಓಣಿಗಳನ್ನು ಕೊರೆದ ಗಾಜಿನ ಬಿಲ್ಲೆಯೊಂದಿದೆ. ಒಂದೊಂದು ಓಣಿಯಲ್ಲಿ ಒಂದೊಂದು ಜೀವಕೋಶ ಸಿಕ್ಕಿಕೊಂಡು ಕೂತಿರುತ್ತದೆ. ಅದು ಉದ್ದವಾಗುತ್ತದೆ, ನಡುವೆ ಸಣ್ಣಗಾಗುತ್ತದೆ, ಎರಡಾಗುತ್ತದೆ, ಎರಡರಲ್ಲಿ ಒಂದು ಮತ್ತೆ ಉದ್ದವಾಗುತ್ತದೆ. ಸೂಕ್ಷ್ಮದರ್ಶಕದ ಕಣ್ಣು ರೆಪ್ಪೆ ಬಡಿಯದೆ ಚಿತ್ರ ತೆಗೆಯುತ್ತ ಹೋಗುತ್ತದೆ, ಕಂಪ್ಯೂಟರು ಪ್ರತಿ ಚಿತ್ರದಲ್ಲೂ ಉದ್ದ ಅಳೆಯುತ್ತದೆ. ಇಷ್ಟೇ. ಆದರೆ ಸಾವಿರಾರು ಕೋಶಗಳ ಅಳತೆಗಳನ್ನು ಒಟ್ಟಿಗೆ ಚೆಲ್ಲಿದರೆ ಕಾಣುವುದು ಬರೀ ಧೂಳು. ಆದ್ದರಿಂದ ಈ ಕೆಲಸದವರೆಲ್ಲ ಮಾಡುವಂತೆ ಅವಳೂ ಮಾಡಿದ್ದಳು: ಕೋಶ ಹುಟ್ಟಿ ಎಷ್ಟು ಹೊತ್ತಾಯಿತು ಎಂಬುದನ್ನು ಹಿಡಿದು ಅಳತೆಗಳನ್ನೆಲ್ಲ ಡಬ್ಬಿಗಳಾಗಿ ವಿಂಗಡಿಸಿ, ಡಬ್ಬಿಗೊಂದು ಸರಾಸರಿ ವೇಗ ತೆಗೆದು, ಆ ಸರಾಸರಿಗಳನ್ನು ಗೆರೆ ಎಳೆದು ಜೋಡಿಸಿದ್ದಳು. ಗೆರೆ ಬಹಳ ದೂರ ಸಮನಾಗಿ ಹೋಗಿ, ಕೊನೆಯ ಡಬ್ಬಿಗಳ ಹತ್ತಿರ ಕೆಳಕ್ಕೆ ಬಾಗಿತ್ತು. ಎಂದರೆ ಜೀವಕೋಶ ಎರಡಾಗುವ ಮುಂಚೆ ತನ್ನ ಬೆಳವಣಿಗೆಯನ್ನು ಒಂದಿಷ್ಟು ತಗ್ಗಿಸುತ್ತದೆ. ದೊಡ್ಡವರು ಆ ಬಾಗನ್ನು ನೋಡಿದ ದಿನ ಮಂಡಿನೋವು ಮರೆತು ಎದ್ದು ನಿಂತುಬಿಟ್ಟಿದ್ದರು. "ಅದೂ ನಮ್ಮ ಹಾಗೇ ಕಣಮ್ಮ, ದೊಡ್ಡ ಕೆಲಸಕ್ಕೆ ಮುಂಚೆ ಸ್ವಲ್ಪ ಸುಧಾರಿಸಿಕೊಳ್ಳುತ್ತೆ" ಎಂದಿದ್ದರು. ಅಂದಿನಿಂದ ಲ್ಯಾಬಿನಲ್ಲಿ ಅದಕ್ಕೆ ಸುಧಾರಿಸಿಕೊಳ್ಳುವುದು ಎಂದೇ ಹೆಸರಾಯಿತು. ಪ್ರಬಂಧದಲ್ಲಿ ಮಾತ್ರ ಬೇರೆ ಗಂಭೀರವಾದ ಹೆಸರಿತ್ತು.

ಮೂರನೆಯ ಚಿತ್ರ ಇದಕ್ಕೇ ಎರಡನೆಯ ಸಾಕ್ಷಿ. ಪ್ರತಿ ಕೋಶ ಎಷ್ಟು ಹೊತ್ತು ಬೆಳೆಯಿತು ಎಂಬುದು ಅಡ್ಡಗೆರೆಯ ಮೇಲೆ, ಎಷ್ಟು ಪಟ್ಟು ಬೆಳೆಯಿತು ಎಂಬುದು ನಿಂತ ಗೆರೆಯ ಮೇಲೆ. ಚುಕ್ಕಿಗಳ ಮೋಡದ ನಡುವೆ ಕಂಪ್ಯೂಟರು ಎಳೆದ ನೇರ ಗೆರೆ ಇರಬೇಕಾದಷ್ಟು ಕಡಿದಾಗಿರಲಿಲ್ಲ. ಹೆಚ್ಚು ಹೊತ್ತು ಬೆಳೆದ ಕೋಶಗಳು ಆ ಹೊತ್ತಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಅಂದಮೇಲೆ ಕೊನೆಯಲ್ಲಿ ಸುಧಾರಿಸಿಕೊಂಡಿವೆ ಎಂದೇ ಅರ್ಥ, ಇನ್ನೇನು ಬೇಕು? ಈಗ ಅದೇ ಚುಕ್ಕಿಗಳು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ, ಗೆರೆಗಳು ಮಾತ್ರ ಅದಲುಬದಲು. ಕಂಪ್ಯೂಟರು ಹೊಸ ಗೆರೆ ಎಳೆಯಿತು. ಅದನ್ನು ಓದಿದರೆ, ಹೆಚ್ಚು ಬೆಳೆದ ಕೋಶಗಳು ಅದಕ್ಕೆ ತಕ್ಕಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಎಂದರೆ ಕೊನೆಯಲ್ಲಿ ಓಡಿವೆ. ಅವಳು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಒಂದೇ ಕೋಶಗಳು ಕೊನೆಯಲ್ಲಿ ಕುಂಟುತ್ತಲೂ ಇದ್ದವು, ಓಡುತ್ತಲೂ ಇದ್ದವು. ಇದೇನು ಹುಚ್ಚಾಟ ಎಂದುಕೊಂಡಳು. ಏನೋ ಕೈತಪ್ಪಾಗಿರಬೇಕು ಎಂದು ಮತ್ತೊಮ್ಮೆ ಮಾಡಿದಳು. ಕೈತಪ್ಪಾಗಿರಲಿಲ್ಲ. ಅಳತೆಯ ಏರುಪೇರು ಎರಡು ಕಡೆಯೂ ಇರುವಾಗ, ಯಾವುದನ್ನು ಅಡ್ಡಲಾಗಿ ಮಲಗಿಸಿದರೂ ಗೆರೆ ಅದರ ಕಡೆಗೇ ಒರಗುತ್ತದೆ ಎಂಬುದನ್ನು ಅವಳು ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಳು. ಬರೆದದ್ದೆಲ್ಲ ಬದುಕಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರು ಅಂದುಕೊಂಡಿರುತ್ತಾರೆ!

ಇಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಮೂರನೆಯ ಚಿತ್ರ ಹೋದರೆ ಹೋಗಲಿ, ಮೊದಲನೆಯದು ಇದೆಯಲ್ಲ, ಆ ಸುಂದರವಾದ ಬಾಗು. ಆದರೆ ಒಂದು ಹಲ್ಲು ಅಲ್ಲಾಡಿದರೆ ನಾಲಿಗೆ ಪಕ್ಕದ ಹಲ್ಲಿಗೂ ಹೋಗುತ್ತದೆ. ಅವಳು ಕಂಪ್ಯೂಟರಿನಲ್ಲಿ ಸುಳ್ಳು ಕೋಶಗಳನ್ನು ಹುಟ್ಟಿಸಿದಳು. ಒಂದೊಂದಕ್ಕೆ ಒಂದೊಂದು ವೇಗ ಕೊಟ್ಟಳು, ಕೆಲವು ಚುರುಕು, ಕೆಲವು ಮಂದ. ಆದರೆ ಯಾವುದಕ್ಕೂ ಸುಧಾರಿಸಿಕೊಳ್ಳುವುದನ್ನು ಕಲಿಸಲಿಲ್ಲ. ಹುಟ್ಟಿದಾಗ ಯಾವ ವೇಗವೋ ಎರಡಾಗುವವರೆಗೂ ಅದೇ ವೇಗ. ಅವನ್ನು ತನ್ನ ಡಬ್ಬಿಗಳಿಗೆ ಸುರಿದು ಗೆರೆ ಎಳೆಸಿದಳು. ಗೆರೆ ಸಮನಾಗಿ ಹೋಯಿತು, ಹೋಗುತ್ತ ಹೋಗುತ್ತ ಕೊನೆಯಲ್ಲಿ ಕೆಳಕ್ಕೆ ಬಾಗಿತು. ಎಷ್ಟು ಚೆನ್ನಾಗಿ ಬಾಗಿತೆಂದರೆ, ತಂದು ಪ್ರಬಂಧದಲ್ಲಿ ಅಂಟಿಸಿದ್ದರೆ ದೊಡ್ಡವರಿಗೂ ಗೊತ್ತಾಗುತ್ತಿರಲಿಲ್ಲ. ಯಾರೂ ನಿಧಾನವಾಗಿರಲಿಲ್ಲ. ಚುರುಕಾದ ಕೋಶಗಳು ಬೇಗ ಬೆಳೆದು ಬೇಗ ಎರಡಾಗಿ ಲೆಕ್ಕದಿಂದ ಹೊರಗೆ ಹೋಗಿದ್ದವು. ಕೊನೆಯ ಡಬ್ಬಿಯಲ್ಲಿ ಉಳಿದಿದ್ದವು ಮೊದಲಿನಿಂದಲೂ ಮಂದವಾಗಿದ್ದವು ಮಾತ್ರ. ಅವು ಹುಟ್ಟಿದಾಗ ಹೇಗಿದ್ದವೋ ಈಗಲೂ ಹಾಗೇ ಇದ್ದವು. ಬದಲಾದದ್ದು ಅವುಗಳ ಪಕ್ಕದಲ್ಲಿ ಯಾರಿದ್ದಾರೆ ಎಂಬುದಷ್ಟೇ.

ಚಿಕ್ಕಂದಿನ ಒಂದು ಪರೀಕ್ಷೆಯ ದಿನ ಅವಳಿಗೆ ನೆನಪಾಯಿತು. ಶಾಲೆಯ ಕಬ್ಬಿಣದ ಗೇಟಿನ ಹೊರಗೆ ಅಪ್ಪ ನಿಂತಿದ್ದಾನೆ. ಗಿರಣಿಯಲ್ಲಿ ಅವನು ಹಾಜರಿ ಹಾಕುವವನು. ಬೆಳಿಗ್ಗೆಯಿಡೀ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಯಾರು ಹೊತ್ತಿಗೆ ಬಂದರು ಯಾರು ತಡವಾಗಿ ಬಂದರು ಎಂದು ನೋಡುವುದೇ ಅವನ ಉದ್ಯೋಗ. ಪರೀಕ್ಷೆಯ ದಿನ ರಜೆ ಹಾಕಿ ಮಗಳ ಶಾಲೆಯ ಗೇಟಿಗೆ ಬಂದು ನಿಂತರೂ ಕಣ್ಣಿನ ಅಭ್ಯಾಸ ಹೋಗುವುದೆಲ್ಲಿಗೆ? ಒಬ್ಬೊಬ್ಬರೇ ಹುಡುಗಿಯರು ಹೊರಗೆ ಬರುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಇವಳು ಕಿಟಕಿಯಿಂದ ಅಪ್ಪನ ತಲೆ ನೋಡುತ್ತಲೇ ಬರೆಯುತ್ತಾಳೆ. ಪರೀಕ್ಷೆಯ ಕೋಣೆ ಖಾಲಿಯಾಗುತ್ತ ಬರುತ್ತದೆ, ಬೆಂಚುಗಳು ಕಾಣಿಸತೊಡಗುತ್ತವೆ, ಇವಳ ಕೈ ಮೊದಲ ಪುಟದಲ್ಲಿ ಹೇಗೆ ಓಡಿತೋ ಈಗಲೂ ಹಾಗೇ ಓಡುತ್ತಿದೆ. ಗಂಟೆ ಹೊಡೆದು ಮೇಲ್ವಿಚಾರಕಿ ಬಂದು ಉತ್ತರಪತ್ರಿಕೆಯನ್ನು ಕೈಯಿಂದ ಎಳೆದುಕೊಳ್ಳುವಾಗ ಅರ್ಧ ಅಕ್ಷರ ಮೇಜಿನ ಮೇಲೆ ಗೀಚಿಹೋಗುತ್ತದೆ. ಗೇಟಿನಲ್ಲಿ ಅಪ್ಪ ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದವರ ಮುಂದೆಲ್ಲ ಮೃದುವಾಗಿ, ತಾನು ಕಂಡುಹಿಡಿದ ಸಂಗತಿಯೆಂಬಂತೆ ಹೇಳುತ್ತಾನೆ. "ಬುದ್ಧಿವಂತೆ ಕಣ್ರೀ. ಶುರುವಿನಲ್ಲಿ ಎಲ್ಲರ ಜೊತೇಲೇ ಇರ್ತಾಳೆ. ಕೊನೇಲಿ ನಿಧಾನ ಆಗಿಬಿಡ್ತಾಳೆ." ಪಾಪ, ಅವನು ನೋಡಿದ್ದು ಗೇಟಿನಿಂದ. ಒಳಗೆ ಹೋಗುವಾಗ ಎಲ್ಲರ ಜೊತೆ ಹೋದಳು, ಬರುವಾಗ ಒಬ್ಬಳೇ ಬಂದಳು. ಅವನ ಗೂಡಿನ ಲೆಕ್ಕದಲ್ಲಿ ಅದಕ್ಕೆ ಬೇರೆ ಅರ್ಥವಿರಲಿಲ್ಲ. ಆದರೆ ಅವಳು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಬೆಳೆದಳು. ಈಜುವಾಗ, ರೊಟ್ಟಿ ಬೇಯಿಸುವಾಗ, ಜಗಳವಾಡುವಾಗ ಕೂಡ, ಈಗ ಕೊನೆ ಬಂತು, ಈಗ ನಾನು ನಿಧಾನವಾಗುತ್ತೇನೆ ಎಂದು ಕಾದಿರುತ್ತಿದ್ದಳು. ಲ್ಯಾಬಿನಲ್ಲಿ ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ದೊಡ್ಡ ಕೆಲಸ ಹಿಡಿದು ಹೋದರು. ಹೊಸದಾಗಿ ಬಂದವರು ಇವಳನ್ನು ನೋಡಿ, ಇಲ್ಲಿ ಕೆಲವರು ಯಾಕೋ ಬೆಳೆಯುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ ಎಂದು ಕಾಫಿಯಂತ್ರದ ಹತ್ತಿರ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಹಾಗಿರುವಾಗ ಒಂದು ದಿನ ಆ ಗೆರೆ ಕೊನೆಯಲ್ಲಿ ಬಾಗಿತು. ಯಾವ ಪಾಪವನ್ನೂ ಅರಿಯದ ಜೀವಿಯೊಂದು ಎರಡಾಗುವ ಮುಂಚೆ ನಿಧಾನವಾಗುತ್ತದೆ, ಅದು ದೋಷವಲ್ಲ, ಅದೊಂದು ಸಿದ್ಧತೆ! ಅವತ್ತು ಅವಳು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಖುಷಿಗೆ ಅತ್ತಳು. ಪ್ರೀತಿಸಿದ್ದನ್ನು ಯಾರು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡುತ್ತಾರೆ?

ಪರೀಕ್ಷೆ ಮಾಡಿದವಳು ಗುಬ್ಬಿ. ಸಣ್ಣ ದೇಹ, ಕೂತಲ್ಲಿ ಕೂರದ ಸ್ವಭಾವ, ಅದಕ್ಕೇ ಲ್ಯಾಬಿನವರೆಲ್ಲ ಇಟ್ಟ ಹೆಸರು. ಎರಡು ವರ್ಷದ ಹಿಂದೆ ಡಾಕ್ಟರೇಟಿಗೆಂದು ಬಂದ ಹುಡುಗಿ, ಬಂದ ವಾರದಲ್ಲೇ ಇವಳನ್ನು ಅಕ್ಕ ಎಂದು ಕರೆಯತೊಡಗಿದ್ದಳು. ಕೋಶಗಳು ಯಾಕೆ ಸುಧಾರಿಸಿಕೊಳ್ಳುತ್ತವೆ, ಅದನ್ನು ಮಾಡಿಸುವುದು ಯಾವುದು ಎಂದು ಹುಡುಕುವುದು ಅವಳ ಪಾಲಿನ ಕೆಲಸ. ಅದಕ್ಕೆ ಮುಂಚೆ ಬಾಗನ್ನು ತನ್ನ ಕೈಯಿಂದಲೇ ಒಮ್ಮೆ ತಂದುಕೊಳ್ಳುತ್ತೇನೆ ಎಂದು ಹೊರಟಳು. ಅವಳಿಗೆ ಡಬ್ಬಿಗಳ ಸಂಪ್ರದಾಯ ಗೊತ್ತಿರಲಿಲ್ಲ. ಪ್ರತಿ ಕೋಶದ ಆಯಸ್ಸನ್ನೂ, ಅದು ಗಿಡ್ಡವಿರಲಿ ಉದ್ದವಿರಲಿ, ಒಂದು ಇಡೀ ಆಯಸ್ಸು ಎಂದು ಹಿಡಿದು ಸಮಪಾಲು ಮಾಡಿದಳು. ಹಾಗಾಗಿ ಅವಳ ಪ್ರತಿ ಡಬ್ಬಿಯಲ್ಲೂ ಪ್ರತಿಯೊಂದು ಕೋಶವೂ ಇತ್ತು, ಯಾವುದೂ ಮಧ್ಯದಲ್ಲಿ ಎದ್ದುಹೋಗುವ ಹಾಗಿರಲಿಲ್ಲ. ಗೆರೆ ಹಲಗೆಯ ಹಾಗೆ ನೇರ ಬಂತು. ಓಡಿಬಂದು ತೋರಿಸಿದಳು, "ಅಕ್ಕ, ನಂಗೆ ಬಾಗ್ತಾನೇ ಇಲ್ಲ." ಆ ಕ್ಷಣದಲ್ಲಿ ಇವಳಿಗೆ, ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ, ಒಳಗೆಲ್ಲೋ ಏನೋ ಜಗ್ಗಿತು. ಜಗ್ಗಿದ್ದು ನಿಜ. ಇವತ್ತು ಅದನ್ನು ಇಲ್ಲವೆಂದುಕೊಳ್ಳಲು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದಾಳೆ, ಆಗುತ್ತಿಲ್ಲ. ಅವತ್ತು ಮಾತ್ರ ತಕ್ಷಣ ಕಾಲು ಊರಿಕೊಂಡು, ಹುಡುಗಿಯ ಬೆನ್ನು ಸವರಿ ಮೃದುವಾಗಿಯೇ ಹೇಳಿದಳು. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕೈ ಇನ್ನೂ ಪಳಗಿಲ್ಲ, ಎಲ್ಲ ಚೆನ್ನಾಗಿ ಮಾಡಿ ಕೊನೆಯಲ್ಲಿ ಅವಸರ ಮಾಡುತ್ತೀಯ, ಮತ್ತೆ ಮಾಡು. ಗುಬ್ಬಿ ಮತ್ತೆ ಮಾಡಿದಳು. ಮತ್ತೆ ನೇರ. ಬಿಲ್ಲೆ ತೊಳೆಯುವುದನ್ನು ಬದಲಾಯಿಸಿದಳು, ದ್ರಾವಣ ಬದಲಾಯಿಸಿದಳು, ಉಗುರು ಕತ್ತರಿಸಿಕೊಂಡಳು, ಬೆಳಗಿನ ಕಾಫಿ ಬಿಟ್ಟಳು. ಲ್ಯಾಬಿನಲ್ಲಿ ಯಾವ ಕೆಲಸ ಕೆಟ್ಟರೂ ಗುಬ್ಬಿ ಗೆರೆ ಬಂತು ಎನ್ನುವುದು ತಮಾಷೆಯ ಮಾತಾಯಿತು. ಇವಳೂ ಒಂದೆರಡು ಸಲ ನಕ್ಕಿದ್ದಳು. ಕಳೆದ ತಿಂಗಳು ಗುಬ್ಬಿ ದೊಡ್ಡವರ ಮುಂದೆ ನಿಂತು, ನನ್ನ ಕೈಯಲ್ಲಾಗುವ ಕೆಲಸ ಇದಲ್ಲ ಸಾರ್, ಮಾವನ ಕನ್ನಡಕದ ಅಂಗಡಿಯಲ್ಲಿ ಕೂರುತ್ತೇನೆ ಎಂದಳು. ಇವತ್ತು ಅವಳ ಕೊನೆಯ ದಿನ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಇವಳು ಡಬ್ಬಿ ಬಿಚ್ಚಿ ಮತ್ತೆ ಮುಚ್ಚಿದಳು. ಊಟದ ಡಬ್ಬಿಗೂ ಅದೇ ಹೆಸರು ಎನ್ನುವುದಕ್ಕೆ ಬೇರೆ ದಿನವಾಗಿದ್ದರೆ ನಗುತ್ತಿದ್ದಳೋ ಏನೋ. ಪಕ್ಕದ ಮೇಜಿನಲ್ಲಿ ಯಾರೋ ಮನೆಬಾಡಿಗೆಯ ಮಾತಾಡುತ್ತಿದ್ದರು. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದು ಅವಳು ಸಾವಧಾನವಾಗಿ, ಪರರ ವಿಷಯವೆಂಬಂತೆ ಯೋಚಿಸಿದಳು. ಏನೂ ಆಗುವುದಿಲ್ಲ. ಪ್ರಬಂಧ ಹೋಗುತ್ತದೆ, ಬರುತ್ತದೆ, ಅಚ್ಚಾಗುತ್ತದೆ. ಅವಳ ಕೆಲಸ ಕಾಯಂ ಆಗುತ್ತದೆ. ದೊಡ್ಡವರು ನಿವೃತ್ತಿಯ ದಿನ ಆ ಬಾಗನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಎಂದೋ ಒಂದು ದಿನ ಇನ್ನೊಂದು ಊರಿನಲ್ಲಿ ಯಾರೋ ಇದು ಡಬ್ಬಿಯ ಆಟ ಎಂದು ಬರೆಯುತ್ತಾರೆ, ಅಷ್ಟು ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಆದರೆ ಗುಬ್ಬಿ ಕನ್ನಡಕದ ಅಂಗಡಿಯಲ್ಲಿ ಕೂತಿರುತ್ತಾಳೆ. ಅಂಗಡಿಯಲ್ಲಿ ಕೂರುವುದೇನೂ ಕೆಟ್ಟದ್ದಲ್ಲ, ಅದರಲ್ಲಿ ಮೂಗು ಮುರಿಯುವಂಥದ್ದೇನಿದೆ. ಕೆಟ್ಟದ್ದೆಂದರೆ ಅಲ್ಲಿ ಗಾಜು ಕೈಗೆತ್ತಿಕೊಂಡಾಗೆಲ್ಲ ತನ್ನ ಕೈ ಸರಿಯಿಲ್ಲ ಎಂದುಕೊಂಡೇ ಎತ್ತಿಕೊಳ್ಳುತ್ತಾಳೆ. ಮಕ್ಕಳಾದರೆ ಅವರಿಗೂ ಹೇಳುತ್ತಾಳೆ, ನಾನು ಕೊನೆಯಲ್ಲಿ ಅವಸರ ಮಾಡಿ ಕೆಡಿಸುವವಳು ಎಂದು. ತನ್ನ ಮೇಲೆ ಅಪ್ಪ ಅಂಟಿಸಿದ ಚೀಟಿಯನ್ನೇ ಮಗುಚಿ ತಾನು ಇನ್ನೊಬ್ಬಳ ಹಣೆಗೆ ಅಂಟಿಸಿದೆನಲ್ಲ, ಅದೂ ಬೆನ್ನು ಸವರುತ್ತ, ಎಂದು ಅವಳಿಗೆ ಅನ್ನಿಸಿತು. ಅಪ್ಪನಿಗಾದರೂ ಗೇಟಿನಾಚೆ ಕಾಣುತ್ತಿರಲಿಲ್ಲ. ತಾನು ಒಳಗೇ ಇದ್ದೆ.

ದೊಡ್ಡವರ ಕೋಣೆಯಲ್ಲಿ ಫ್ಯಾನು ಕಾಗದಗಳನ್ನು ಎತ್ತಿ ಹಾಕುತ್ತಿತ್ತು. ಅವರು ಪ್ರಬಂಧವನ್ನು ಪರದೆಯ ಮೇಲೆ ತೆರೆದು, ಕನ್ನಡಕ ಹಣೆಗೇರಿಸಿ, ಮದುವೆಗೆ ಹೊರಟವರ ಉತ್ಸಾಹದಲ್ಲಿ ಕೂತಿದ್ದರು. ಅವಳು ತಾನು ತಂದ ಚಿತ್ರಗಳನ್ನು ಮೇಜಿನ ಮೇಲಿಟ್ಟಳು. ಮೊದಲು ಗೆರೆಗಳನ್ನು ಅದಲುಬದಲು ಮಾಡಿದ್ದನ್ನು ಹೇಳಿದಳು, ಆಮೇಲೆ ಸುಳ್ಳು ಕೋಶಗಳ ಬಾಗನ್ನು ತೋರಿಸಿದಳು. ದೊಡ್ಡವರು ಹೊಸ ಬಾಗನ್ನು ಹಳೆಯದರ ಮೇಲಿಟ್ಟು ಕಿಟಕಿಗೆ ಹಿಡಿದು ನೋಡಿದರು. ಎರಡೂ ಒಂದರೊಳಗೊಂದು ಕೂತವು. ಅವರ ಮುಖದ ಬಣ್ಣ ಇಳಿದದ್ದನ್ನು ಅವಳು ನೋಡಲಾರದೆ, ಕಾಗದ ಹಾರದಂತೆ ಅವರ ಮೇಜಿನ ಮೇಲಿಟ್ಟಿದ್ದ ಗಾಜಿನ ಗುಂಡನ್ನು ನೋಡಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಚುಕ್ಕಿಗಳಂತೂ ಸುಳ್ಳಲ್ಲವಲ್ಲ, ನಾವೇನು ಕೈಯಿಂದ ತುಂಬಿಸಿದ್ದೇವೆಯೇ ಎಂದು ಕೇಳಿದರು. ಚುಕ್ಕಿ ಸುಳ್ಳಲ್ಲ ಸಾರ್, ಅದರ ಬಾಯಲ್ಲಿ ನಾವು ಆಡಿಸಿದ ಮಾತು ಸುಳ್ಳು ಎಂದಳು. ಹಾಗಾದರೆ ಈಗ ಕಳಿಸಿಬಿಟ್ಟು ಯಾರಾದರೂ ಕೇಳಿದಾಗ ನೋಡಿಕೊಳ್ಳೋಣವೇ ಎಂದು ಅವರು ಕೇಳಿದ್ದು ನಿಜವಾಗಿ ಕೇಳಿದ್ದೋ, ತಮ್ಮೊಳಗೇ ಅಂದುಕೊಂಡದ್ದು ಬಾಯಿಗೆ ಬಂದದ್ದೋ ಗೊತ್ತಾಗಲಿಲ್ಲ. ಅವರೇ ತಲೆ ಕೊಡವಿಕೊಂಡು, "ಊರೂರಿಗೆ ಹೋಗಿ ಹೇಳಿಕೊಂಡು ಬಂದೆನಲ್ಲಮ್ಮ. ನನ್ನ ಮಂಡಿನೋವಿನ ಉದಾಹರಣೆ ಬೇರೆ ಕೊಟ್ಟೆ" ಎಂದು ನಕ್ಕರು. ಆ ನಗು ನೋಡಿ ಅವಳಿಗೆ ಕಾಲು ಹಿಡಿಯಬೇಕೆನ್ನಿಸಿತು.

ಅಷ್ಟರಲ್ಲಿ ಬಾಗಿಲು ತಟ್ಟಿ ಗುಬ್ಬಿ ಒಳಗೆ ಬಂದಳು, ಕಪಾಟಿನ ಕೀಲಿ ಒಪ್ಪಿಸಲು. ಒಳಗಿನ ಗಾಳಿ ಗೊತ್ತಾಗಿ ಹೊಸ್ತಿಲಲ್ಲೇ ನಿಂತಳು. ದೊಡ್ಡವರು ಇವಳತ್ತ ತಿರುಗಿ, ಇದು ಬೇರೆ ಯಾರಿಗಾದರೂ ಗೊತ್ತೇ ಎಂದರು. ಇಲ್ಲಿಯವರೆಗೆ ಹೇಳಿದ್ದು ಒಂದು ಲೆಕ್ಕದಲ್ಲಿ ಸುಲಭದ್ದು. ಲೆಕ್ಕ ತಪ್ಪಿತು, ಒಪ್ಪಿಕೊಂಡೆ, ನಾಲ್ಕು ಜನ ಪ್ರಾಮಾಣಿಕಳು ಎಂದಾರು. ಇವಳು ಹೇಳಿದಳು. ಗುಬ್ಬಿಗೆ ಮೊದಲೇ ಸಿಕ್ಕಿತ್ತು ಸಾರ್, ಅವಳ ನೇರ ಗೆರೆಯೇ ಸರಿ, ಪ್ರತಿ ಕೋಶವನ್ನೂ ಕೊನೆಯತನಕ ಜೊತೆಗಿಟ್ಟುಕೊಂಡು ಲೆಕ್ಕ ಹಾಕಿದವಳು ಇಲ್ಲಿ ಅವಳೊಬ್ಬಳೇ, ನಾನೇ ಕೈ ಸರಿಯಿಲ್ಲ ಎಂದು ತಿರುಗಿ ಕಳಿಸಿದೆ. ಇಷ್ಟು ಹೇಳಿ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಹುಡುಗಿಯ ಎರಡು ಕಣ್ಣು ಇವಳ ಮುಖದ ಮೇಲೇ ಇದ್ದವು. ನಾಲಿಗೆ ತಾನಾಗಿ ಇನ್ನೊಂದು ಮಾತು ಸೇರಿಸಿತು. ಅವಳದ್ದು ಸರಿಯಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ ಸಾರ್. ದೊಡ್ಡವರು ನಿಟ್ಟುಸಿರು ಬಿಟ್ಟು, ಯಾರಿಗೆ ಹೊಳೆಯಿತು ಹೇಳು, ನನಗೂ ಹೊಳೆಯಲಿಲ್ಲ ಎಂದರು. ಆಮೇಲೆ ಎದ್ದು ಗುಬ್ಬಿಯ ಹತ್ತಿರ ಹೋಗಿ, ಕೀಲಿಯನ್ನು ಅವಳ ಕೈಯಲ್ಲೇ ಮಡಚಿಟ್ಟು, ಹೋಗಬೇಡ, ಇದನ್ನು ಮೊದಲಿನಿಂದ ನೀನೇ ಬರಿ, ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು ಎಂದರು. ಗುಬ್ಬಿ ಕೀಲಿ ನೋಡಿಕೊಂಡು, ಯೋಚನೆ ಮಾಡಿ ಹೇಳುತ್ತೇನೆ ಸಾರ್ ಎಂದು ಹೊರಗೆ ಹೋದಳು. ಖುಷಿಪಟ್ಟ ಹಾಗೆ ಕಾಣಲಿಲ್ಲ. ಅತ್ತ ಹಾಗೂ ಕಾಣಲಿಲ್ಲ.

ಗಾಜಿನ ಸಾಮಾನು ತೊಳೆಯುವ ಕೋಣೆಯಲ್ಲಿ ಗುಬ್ಬಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ತನ್ನ ಬಾಟಲಿಗಳನ್ನು ತೊಳೆಯುತ್ತಿದ್ದಳು. ಹೋಗುವವರು ತಮ್ಮದನ್ನು ತಾವು ತೊಳೆದಿಟ್ಟು ಹೋಗಬೇಕೆಂಬುದು ಅಲ್ಲಿನ ನಿಯಮ, ಹಾಗಾಗಿ ಅದನ್ನು ನೋಡಿದ ಕೂಡಲೇ ಹುಡುಗಿ ಹೊರಟೇಬಿಟ್ಟಳು ಎಂದು ಇವಳಿಗನ್ನಿಸಿತು. ಬಾಗಿಲಲ್ಲಿ ನಿಂತಳು. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ನಲ್ಲಿಯ ಸದ್ದಿನಲ್ಲಿ ಕೊಚ್ಚಿಹೋಯಿತು. ಒಂದು ಬಾಟಲಿ ಎತ್ತಿಕೊಂಡು ಒರೆಸತೊಡಗಿದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೆಲಸ ಮಾಡಿದರು, ಒಬ್ಬಳು ತೊಳೆಯುತ್ತ, ಒಬ್ಬಳು ಒರೆಸುತ್ತ. ಹೊರಗಿನಿಂದ ಯಾರಾದರೂ ನೋಡಿದ್ದರೆ ಅಕ್ಕತಂಗಿಯರು ಪಾತ್ರೆ ತಿಕ್ಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಕೊನೆಗೆ ಇವಳೇ, ನೀನು ಉಳಿಯಬೇಕು ಕಣೇ, ನಿನ್ನ ಕೈ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗಿತ್ತು ಎಂದಳು.

ಗುಬ್ಬಿ ನಲ್ಲಿ ನಿಲ್ಲಿಸಿದಳು. "ನೀವು ಸರಿಯಿಲ್ಲ ಅಂದ್ರಿ, ಹೊರಟೆ. ಈಗ ಸರಿ ಇದೆ ಅಂತೀರಿ, ಅದಕ್ಕೆ ಉಳಿದ್ರೆ ಎರಡೂ ಒಂದೇ ಆಗಲ್ವಾ ಅಕ್ಕ?"

ಕೋಪದಿಂದ ಹೇಳಿದ್ದಲ್ಲ. ಲೆಕ್ಕವೊಂದು ಬಿಡಿಸಲಾಗದೆ ಕೇಳುವವರ ಧ್ವನಿ. ಆಮೇಲೆ ಬಾಟಲಿಯ ಕತ್ತು ಹಿಡಿದು ತಿರುಗಿಸುತ್ತ ಮಾತಾಡಿದಳು. ಗೆರೆ ತಪ್ಪಿದ್ದಕ್ಕೆ ಬೇಜಾರಿಲ್ಲವಂತೆ. ಮತ್ತೆಮತ್ತೆ ಮಾಡಿಸಿದ್ದಕ್ಕೂ ಇಲ್ಲವಂತೆ, ಅದರಿಂದ ಕೈ ಪಳಗಿತು. ಜನ ನಕ್ಕದ್ದಕ್ಕೆ ಇತ್ತು, ಹೋಯಿತು. ಬೇಜಾರೆಲ್ಲ ಇರುವುದು ಒಂದೇ ಜಾಗದಲ್ಲಿ. ನೇರ ಗೆರೆಯನ್ನು ತಾನು ಎಷ್ಟು ಸಲ ಕಣ್ಣಾರೆ ನೋಡಿದ್ದೆ, ಒಂದು ಸಲವೂ ಅದನ್ನು ನಂಬಲಿಲ್ಲ. ಈ ಕಣ್ಣು ಇಟ್ಟುಕೊಂಡು ಇನ್ನು ಯಾವ ಲ್ಯಾಬಿನಲ್ಲಿ ಕೂತು ಏನು ನೋಡಲಿ ಎನ್ನುವುದೇ ತಿಳಿಯುತ್ತಿಲ್ಲ ಎಂದಳು. ಹೇಳಿ, ಇವಳತ್ತ ತಿರುಗಿದಳು.

"ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ಮೊದಲನೇ ಸಲ ನಾನು ಗೆರೆ ತಂದು ತೋರಿಸಿದಾಗ, ನಿಮ್ಮ ಮುಖ ಒಂದು ಥರ ಆಯ್ತು. ಒಂದು ಕ್ಷಣ ಅಷ್ಟೇ. ಆಮೇಲೆ ಬೆನ್ನು ಸವರಿ ಕಳಿಸಿದ್ರಿ. ನಿಮಗೆ ಆಗ ಅನುಮಾನ ಬಂದಿತ್ತು ಅಂತ ನಂಗೆ ಅನ್ನಿಸ್ತು. ಅದೂ ನನ್ನ ಭ್ರಮೇನಾ?"

ಕೋಣೆಯಲ್ಲಿ ಸಾಬೂನಿನ ವಾಸನೆ ಇತ್ತು. ಅವಳು ಒರೆಸುತ್ತಿದ್ದ ಬಾಟಲಿ ಎಂದೋ ಒಣಗಿತ್ತು, ಕೈ ಮಾತ್ರ ಒರೆಸುತ್ತಲೇ ಇತ್ತು. ಭ್ರಮೆ ಎಂದರೆ ಸಾಕು. ಅಕ್ಕ ಅಕ್ಕನಾಗಿಯೇ ಉಳಿಯುತ್ತಾಳೆ, ತಿಳಿಯದೆ ತಪ್ಪು ಮಾಡಿದ, ತಿಳಿದ ದಿನವೇ ಓಡಿಬಂದು ಒಪ್ಪಿಕೊಂಡ ಅಕ್ಕ. ಈ ಹುಡುಗಿ ನಾಳೆ ಬರಲೂಬಹುದು, ಬಂದರೆ ಮೊದಲಿನಂತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರಬಹುದು. ನಿಜ ಹೇಳಿದರೆ ಅದೇ ಅಕ್ಕ ತಿಳಿದೂ ತಿಳಿದೂ ಅವಳ ಎರಡು ವರ್ಷವನ್ನು ನೀರಿಗೆ ಹಾಕಿದವಳಾಗುತ್ತಾಳೆ. ದೊಡ್ಡವರ ಎದುರಿಗೆ ಹೊಳೆಯಲಿಲ್ಲ ಎಂದದ್ದೂ ಸುಳ್ಳಾಗುತ್ತದೆ. ಅವಳಿಗೆ ಭಯವಾಯಿತು. ಚಿಕ್ಕವರ ಎದುರಿಗೆ ಇಷ್ಟು ಭಯವಾಗಬಹುದೆಂದು ಅವಳು ಎಣಿಸಿರಲಿಲ್ಲ. ಹುಡುಗಿ ಕಾಯುತ್ತಿದ್ದಳು. ಮುಖದಲ್ಲಿ ತಪ್ಪು ಹಿಡಿಯುವವರ ಗೆಲುವು ಇರಲಿಲ್ಲ, ಅವಳು ಕೇಳುತ್ತಿದ್ದುದು ಇವಳ ವಿಷಯವನ್ನೇ ಅಲ್ಲ.

"ಭ್ರಮೆ ಅಲ್ಲ" ಎಂದಳು. "ಬಂದಿತ್ತು. ಅವತ್ತೇ ಬಂದಿತ್ತು. ನಂಗೆ ಆ ಬಾಗು ಬೇಕಾಗಿತ್ತು."

ಗುಬ್ಬಿ ಅವಳನ್ನು ಬಹಳ ಹೊತ್ತು ನೋಡಿದಳು. ಮೊದಲು ಮುಖ ಬಿಗಿಯಿತು, ಏನೋ ಒರಟು ಮಾತು ಬರುತ್ತದೆಂದು ಇವಳು ತಲೆ ತಗ್ಗಿಸಿ ನಿಂತಳು. ತಲೆ ಎತ್ತಿ ನೋಡಿದಾಗ ಹುಡುಗಿ ತೊಳೆದ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ಕಲೆ ಉಳಿದಿದೆಯೇ ಎಂದು ಪರೀಕ್ಷಿಸುತ್ತಿದ್ದಳು. ಕೈ ಅಲ್ಲಾಡುತ್ತಿರಲಿಲ್ಲ.

"ಹಾಗಾದ್ರೆ ನಾನು ಸರಿಯಾಗೇ ನೋಡಿದ್ದೆ" ಎಂದು ತನಗೆ ತಾನೇ ಹೇಳಿಕೊಂಡಳು. ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಬರ್ತೀನಿ ಮೇಡಂ, ನಾಳೆ" ಎಂದು ಇವಳ ಪಕ್ಕದಿಂದಲೇ, ಇವಳನ್ನು ಮುಟ್ಟದೆ, ಹೊರಗೆ ಹೋದಳು.